ಶಿಂಜುಕುವಿನ ಫೂನ್‌ಜಿ: ಬೆನ್ನ ಹಿಂದೆ ಕ್ಯೂ, ಕಣ್ಣ ಮುಂದೆ ತ್ಸುಕೆಮೆನ್

ಕ್ಯೂ ನೋಡಿ ವಾಪಸ್ ಹೋಗಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಟೋಕಿಯೊಗೆ ಬಂದ ನಮ್ಮವರು ಎಷ್ಟೋ ಜನ ಫೂನ್‌ಜಿ ಅನ್ನುವ ಈ ರಾಮೆನ್ (ಜಪಾನಿನ ಸೂಪ್ ನೂಡಲ್ಸ್) ಅಂಗಡಿಯ ಬಾಗಿಲ ತನಕ ಹೋಗಿ, ಸಾಲು ನೋಡಿ ಗಾಬರಿಯಾಗಿ, ಆಚೆ ಬೀದಿಯ ಯಾವುದೋ ಖಾಲಿ ಅಂಗಡಿಗೆ ನುಗ್ಗಿ ತಿಂದು, ಆಮೇಲೆ "ರಾಮೆನ್ ಅಂದ್ರೆ ಇಷ್ಟೇನಾ" ಅಂತ ಮೂಗು ಮುರಿಯುತ್ತಾರೆ. ಇಲ್ಲಿನ ಸಾಲು ನೋಡೋಕೆ ಉದ್ದ, ಆದರೆ ಒಂದೇ ಕಡೆ ನಿಂತುಬಿಡುವ ಸಾಲಲ್ಲ. ಮುಂದೆ ಇಪ್ಪತ್ತು ಜನ ಇದ್ದರೂ ಸುಮಾರು ಅರ್ಧ ಗಂಟೆಯಲ್ಲಿ ನಿಮ್ಮ ಕೈಗೆ ಚಾಪ್‌ಸ್ಟಿಕ್ ಬಂದಿರುತ್ತದೆ. ನನಗೆ ಈ ಅಂಗಡಿಯಲ್ಲಿ ಊಟದಷ್ಟೇ ಇಷ್ಟವಾದದ್ದು ಅಷ್ಟು ಜನರನ್ನು ಅವರು ಗದ್ದಲವಿಲ್ಲದೆ ಸಂಭಾಳಿಸುವ ರೀತಿ.

ಜಾಗ ಎಲ್ಲಿ ಅಂದರೆ, ಶಿಂಜುಕು ನಿಲ್ದಾಣದ ದಕ್ಷಿಣ ಬದಿಯಿಂದ ಐದಾರು ನಿಮಿಷದ ನಡಿಗೆ. ಎಲ್ಲರೂ ಶಿಂಜುಕು ಅಂಗಡಿ ಅಂತಲೇ ಕರೆಯುತ್ತಾರೆ, ವಿಳಾಸ ನೋಡಿದರೆ ಅದು ಯೊಯೊಗಿ, ಅಂದರೆ ಶಿಬುಯಾ ವಾರ್ಡಿಗೆ ಸೇರಿದ್ದು. ಮ್ಯಾಪ್ ನೋಡುವಾಗ ತಲೆ ಕೆಡಿಸಿಕೊಳ್ಳಬೇಡಿ. ತಲೆ ಕೆಡುವುದು ನಿಲ್ದಾಣದೊಳಗೇ. ದಿನಕ್ಕೆ 30 ಲಕ್ಷಕ್ಕೂ ಹೆಚ್ಚು ಜನ ಓಡಾಡುವ ನಿಲ್ದಾಣ ಅದು, ತಪ್ಪು ಬಾಗಿಲಿನಿಂದ ಹೊರಗೆ ಬಂದರೆ ಹಸಿವೇ ಸತ್ತುಹೋಗುತ್ತದೆ. ನಿಶಿ ಕಸಾಯ್ ಕಡೆ ಇರುವ ನಮ್ಮ ಜನಕ್ಕೆ ಒಂದು ಸುಲಭದ ದಾರಿ ಇದೆ. ತೋಜಾಯ್ ಲೈನಿನಲ್ಲಿ ಕುದಾನ್‌ಶಿತಾಕ್ಕೆ ಬಂದು, ಅಲ್ಲಿ ತೋಎ ಶಿಂಜುಕು ಲೈನ್ ಹಿಡಿಯಿರಿ. ಆ ಲೈನಿನ ಪ್ಲಾಟ್‌ಫಾರ್ಮ್ ಇರುವುದೇ ನಿಲ್ದಾಣದ ದಕ್ಷಿಣದ ಕಡೆ, ಹಾಗಾಗಿ ಆ ದೊಡ್ಡ ಗೊಂದಲದೊಳಗೆ ಕಾಲಿಡುವ ಗೋಜೇ ಇಲ್ಲ.

ಅಂಗಡಿ ಚಿಕ್ಕದು. ಒಂದೇ ಉದ್ದನೆಯ ಕೌಂಟರ್, ಹದಿನೈದರ ಆಸುಪಾಸು ಸೀಟು. ಮೇಜು ಕುರ್ಚಿ ಅಂತ ಬೇರೆ ಏನಿಲ್ಲ. ಕೌಂಟರಿನ ಆಚೆ ಅಡುಗೆ, ಈಚೆ ತಿನ್ನುವವರು, ತಿನ್ನುವವರ ಬೆನ್ನಿಗೆ ಗೋಡೆ. ಆ ಗೋಡೆಗೂ ಬೆನ್ನಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಿಲ್ಲುವಷ್ಟು ಜಾಗ. ಕ್ಯೂ ನಿಲ್ಲುವುದು ಅಲ್ಲೇ! ಮದುವೆ ಮನೆಯಲ್ಲಿ ಎರಡನೇ ಪಂಕ್ತಿಯಲ್ಲಿ ಕೂತು ಇನ್ನೂ ಪಾಯಸ ಮುಟ್ಟಿರುವುದಿಲ್ಲ, ಆಗಲೇ ಮೂರನೇ ಪಂಕ್ತಿಯವರು ಬಂದು ಕುರ್ಚಿಯ ಹಿಂದೆ ಕೈಯಿಟ್ಟು ನಿಲ್ಲುತ್ತಾರಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ಇಲ್ಲಿ ಯಾರೂ ನಿಮ್ಮ ಎಲೆಯೊಳಗೆ ಇಣುಕಿ "ಮಜ್ಜಿಗೆ ಆಯ್ತಾ" ಅಂತ ಕೇಳುವುದಿಲ್ಲ. ಮೊಬೈಲ್ ನೋಡಿಕೊಂಡು ಸುಮ್ನೆ ನಿಂತಿರುತ್ತಾರೆ. ಆದರೂ ಬೆನ್ನಿಗೆ ಗೊತ್ತಾಗುತ್ತೆ ಅಲ್ವಾ, ಯಾರೋ ಕಾಯುತ್ತಿದ್ದಾರೆ ಅಂತ.

ಮೈಸೂರಿನಿಂದ ಬಂದಿದ್ದ ನಮ್ಮ ಭಾವನನ್ನು ಕರೆದುಕೊಂಡು ಹೋಗಿದ್ದೆ. ಒಳಗೆ ಕಾಲಿಟ್ಟವರೇ "ಇಲ್ಲಿ ಕೂತು ತಿನ್ನೋದು ಹೇಗಪ್ಪಾ, ಹಿಂದಿನವನ ಉಸಿರು ನನ್ನ ಕತ್ತಿಗೆ ತಾಗ್ತದೆ" ಅಂದರು. "ಭಾವ, ಬೌಲ್ ಮುಂದೆ ಬರಲಿ, ಆಮೇಲೆ ಹೇಳಿ" ಅಂದೆ. ಬೌಲ್ ಬಂದ ಮೇಲೆ ಅವರಿಗೆ ಹಿಂದೆ ಯಾರಿದ್ದಾರೆ ಅನ್ನುವ ನೆನಪೇ ಇರಲಿಲ್ಲ.

ಈಗ ಸಾಲು ಯಾಕೆ ಬೇಗ ಹೋಗುತ್ತೆ ಅನ್ನುವುದಕ್ಕೆ ಬರೋಣ. ಒಳಗೆ ಹೋದ ತಕ್ಷಣ ಟಿಕೆಟ್ ಮೆಷಿನ್. ದುಡ್ಡು ಹಾಕಿ, ಬಟನ್ ಒತ್ತಿ, ಚೀಟಿ ತೆಗೆದುಕೊಂಡು ಗೋಡೆಯ ಪಕ್ಕದ ಸಾಲಿಗೆ ಸೇರಬೇಕು. ನೀವು ಇನ್ನೂ ನಿಂತಿರುವಾಗಲೇ ಚೀಟಿ ಇಸಿದುಕೊಂಡು, ಮಾಮೂಲಿ ಅಳತೆಯಾ ದೊಡ್ಡದಾ ಅಂತ ಕೇಳಿಬಿಡುತ್ತಾರೆ. ಇದು ಬರೀ ಶಿಸ್ತಿಗಾಗಿ ಅಲ್ಲ. ಇಲ್ಲಿ ಹೆಚ್ಚಿನವರು ತಿನ್ನುವುದು ತ್ಸುಕೆಮೆನ್, ಅಂದರೆ ನೂಡಲ್ಸನ್ನು ಬೇರೆ ಬೌಲಿನ ಸೂಪಿಗೆ ಅದ್ದಿ ತಿನ್ನುವ ರಾಮೆನ್. ಅದರ ನೂಡಲ್ಸ್ ದಪ್ಪ, ಬೇಯುವುದಕ್ಕೆ ಮಾಮೂಲಿ ರಾಮೆನ್‌ಗಿಂತ ಎಷ್ಟೋ ಜಾಸ್ತಿ ಹೊತ್ತು ಬೇಕು. ನೀವು ಕೂತ ಮೇಲೆ ಆರ್ಡರ್ ತೆಗೆದುಕೊಂಡರೆ ಪ್ರತಿಯೊಬ್ಬರೂ ಸೀಟು ಹಿಡಿದುಕೊಂಡು ಸುಮ್ನೆ ಕಾಯಬೇಕಾಗುತ್ತಿತ್ತು. ಇಲ್ಲಿ ನೀವು ನಿಂತಿರುವಾಗಲೇ ನಿಮ್ಮ ಪಾಲಿನ ನೂಡಲ್ಸ್ ನೀರಿಗೆ ಬಿದ್ದಿರುತ್ತದೆ. ಒಂದೊಂದು ಸಲಕ್ಕೆ ಹಲವು ಜನರದ್ದು ಒಟ್ಟಿಗೆ ಬೇಯಿಸುತ್ತಾರೆ, ಹಾಗಾಗಿ ಸಾಲು ಒಬ್ಬೊಬ್ಬರಾಗಿ ತೆವಳುವುದಿಲ್ಲ. ಸ್ವಲ್ಪ ಹೊತ್ತು ನಿಂತು, ಒಮ್ಮೆಗೇ ನಾಲ್ಕೈದು ಜನ ಮುಂದೆ ಹೋಗುತ್ತಾರೆ. ಒಳಗಿನ ಗೋಡೆ ತುಂಬಿದರೆ ಸಾಲು ಹೊರಗೆ ಬರುತ್ತದೆ, ಇನ್ನೂ ಜಾಸ್ತಿಯಾದರೆ ರಸ್ತೆ ದಾಟಿ ಎದುರು ಬದಿಯಲ್ಲಿ ಮುಂದುವರಿಯುತ್ತದೆ. ರಸ್ತೆಯ ಜಾಗ ಮಾತ್ರ ಖಾಲಿ ಬಿಟ್ಟಿರುತ್ತಾರೆ. ಆ ಖಾಲಿ ಜಾಗ ನೋಡಿ "ಓ, ಸಾಲು ಇಲ್ಲಿಗೇ ಮುಗೀತು" ಅಂತ ಮಧ್ಯೆ ಹೋಗಿ ನಿಲ್ಲಬೇಡಿ, ಯಾರೂ ಬೈಯುವುದಿಲ್ಲ, ಆದರೆ ಎಲ್ಲರೂ ನೋಡುತ್ತಾರೆ.

ಟಿಕೆಟ್ ಮೆಷಿನ್ ಬಗ್ಗೆ ಒಂದೆರಡು ಮಾತು, ಇದು ಈ ಅಂಗಡಿಗೆ ಮಾತ್ರ ಅಲ್ಲ, ಜಪಾನಿನ ಯಾವ ರಾಮೆನ್ ಅಂಗಡಿಗೂ ಅನ್ವಯಿಸುತ್ತದೆ. ಜೇಬಿನಲ್ಲಿ ಸಾವಿರ ಯೆನ್‌ನ ನೋಟು ಮೂರ್ನಾಲ್ಕು ಇಟ್ಟುಕೊಂಡು ಹೋಗಿ. ಕಾರ್ಡು, ಮೊಬೈಲು ತೆಗೆದುಕೊಳ್ಳುವ ಮೆಷಿನ್ ಈಗ ಬರುತ್ತಿವೆ, ಆದರೆ ನಂಬಿಕೊಂಡು ಹೋಗುವ ಹಾಗಿಲ್ಲ. ಹತ್ತು ಸಾವಿರದ ನೋಟನ್ನು ಎಷ್ಟೋ ಮೆಷಿನ್‌ಗಳು ನುಂಗುವುದೇ ಇಲ್ಲ. 2024ರ ಜುಲೈ 3ಕ್ಕೆ ಜಪಾನ್ ಹೊಸ ನೋಟು ಬಿಟ್ಟಾಗ ಜಾಸ್ತಿ ಪೇಚಿಗೆ ಸಿಕ್ಕಿದ್ದು ಇಂಥ ಚಿಕ್ಕ ಅಂಗಡಿಗಳೇ. ಸಾವಿರದ ನೋಟಿನ ಮೇಲೆ ಬ್ಯಾಕ್ಟೀರಿಯಾ ವಿಜ್ಞಾನಿ ಕಿಟಸಾಟೊ ಬಂದರು, ಮೆಷಿನ್‌ಗೆ ಅವರ ಗುರುತೇ ಸಿಗಲಿಲ್ಲ. ಹೊಸ ಮೆಷಿನ್ ಹಾಕಿಸಬೇಕೆಂದರೆ ಲಕ್ಷಾಂತರ ಯೆನ್ ಖರ್ಚು, ಒಂದು ಬೌಲನ್ನು ಸಾವಿರ ಯೆನ್ ದಾಟಿಸಿದರೆ ಗಿರಾಕಿ ಬರುವುದಿಲ್ಲ ಅಂತ ಹೆದರುವ ಅಂಗಡಿಯವನಿಗೆ ಅದು ಸಣ್ಣ ಮಾತಲ್ಲ. ಬಟನ್‌ಗಳ ಮೇಲೆ ಏನು ಬರೆದಿದೆ ಅಂತ ಗೊತ್ತಾಗದಿದ್ದರೆ ಎಡಗಡೆ ಮೇಲಿನ ಮೂಲೆ ನೋಡಿ. ಸಾಮಾನ್ಯವಾಗಿ ಅಂಗಡಿಯವರು ತಮ್ಮ ಹೆಮ್ಮೆಯ ಐಟಂ ಇಡುವುದು ಅಲ್ಲೇ.

ಫೂನ್‌ಜಿಯಲ್ಲಿ ಮಾಮೂಲಿ ರಾಮೆನ್ ಕೂಡ ಇದೆ. ಆದರೆ ನಾನು ಹೋದಾಗಲೆಲ್ಲ ನೋಡಿದಂತೆ ಬಹುತೇಕ ಎಲ್ಲರ ಮುಂದೆಯೂ ಇರುವುದು ತ್ಸುಕೆಮೆನ್. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದರಲ್ಲಿ ನೂಡಲ್ಸ್ ಒಂದು ಬೌಲ್, ಸೂಪ್ ಇನ್ನೊಂದು ಬೌಲ್. ಬೇಯಿಸಿದ ನೂಡಲ್ಸನ್ನು ತಣ್ಣೀರಲ್ಲಿ ಚೆನ್ನಾಗಿ ತೊಳೆದು, ನೀರು ಬಸಿದು ಕೊಡುತ್ತಾರೆ. ನೀವು ಒಂದೊಂದು ತುತ್ತು ಎತ್ತಿ ಬಿಸಿ ಸೂಪಿನಲ್ಲಿ ಅದ್ದಿ ತಿನ್ನಬೇಕು. ಇದನ್ನು ಅಂಗಡಿಯ ಮೆನುವಿಗೆ ತಂದವರು ಕಜುವೊ ಯಮಗಿಶಿ. 1955ರಲ್ಲಿ ಟೋಕಿಯೊದ ನಕಾನೊದ ತೈಶೋಕೆನ್ ಅನ್ನುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಅಡುಗೆಯವರು ಮಿಕ್ಕ ನೂಡಲ್ಸನ್ನು ಸೂಪಿನಲ್ಲಿ ಅದ್ದಿ ತಿನ್ನುವುದನ್ನು ನೋಡಿದ ಗಿರಾಕಿಗಳು ನಮಗೂ ಅದೇ ಬೇಕು ಅಂದರಂತೆ. 1961ರಲ್ಲಿ ಹಿಗಾಶಿ ಇಕೆಬುಕುರೊದಲ್ಲಿ ಸ್ವಂತ ಅಂಗಡಿ ತೆರೆದರು, ಅವರ ಕೈಕೆಳಗೆ ಕಲಿತವರು ದೇಶದ ತುಂಬ ಅಂಗಡಿ ಹಾಕಿದರು, 2015ರಲ್ಲಿ ತೀರಿಕೊಂಡರು. ನೌಕರರು ಹಿಂದಿನ ಕೋಣೆಯಲ್ಲಿ ತಿನ್ನುತ್ತಿದ್ದ ಊಟಕ್ಕೆ ಇವತ್ತು ಜನ ರಸ್ತೆ ದಾಟಿ ಕ್ಯೂ ನಿಲ್ಲುತ್ತಾರೆ.

ಸೂಪಿನ ಬೌಲ್ ಮೊದಲ ಸಲ ನೋಡಿದಾಗ ಇದೇನು ಇಷ್ಟು ಮಂದ ಅನ್ನಿಸುತ್ತದೆ. ಕಂದು ಬಣ್ಣ, ಮೇಲೆ ತೆಳುವಾಗಿ ಎಣ್ಣೆ, ಕೆಳಗೇನಿದೆ ಅಂತ ಕಾಣುವುದೇ ಇಲ್ಲ. ಟೋಕಿಯೊದ ಹೆಚ್ಚಿನ ತ್ಸುಕೆಮೆನ್ ಅಂಗಡಿಗಳಲ್ಲಿ ಇದಕ್ಕೆ ಹಂದಿ ಮೂಳೆ ಕುದಿಸುತ್ತಾರೆ, ಇಲ್ಲಿ ಕೋಳಿ. ಕೋಳಿಯನ್ನು ಗಂಟೆಗಟ್ಟಲೆ ಕುದಿಸಿ, ಕೊಬ್ಬು ಮತ್ತು ಮಜ್ಜೆ ನೀರಿನ ಜೊತೆ ಬೆರೆತು ಬೇರ್ಪಡದ ಹಾಗಾಗುವ ತನಕ ಬಿಡುತ್ತಾರೆ, ಅದಕ್ಕೆ ಒಣಮೀನಿನ ರಸ ಸೇರುತ್ತದೆ. ಸೂಪಿನ ಮೇಲೆ ಒಂದು ಚೌಕ ನೋರಿ, ಅಂದರೆ ಹಾಳೆಯಂತೆ ಒಣಗಿಸಿದ ಕಡಲ ಪಾಚಿ, ತೇಲುತ್ತಿರುತ್ತದೆ. ಆ ನೋರಿಯ ಮೇಲೆ ಒಂದು ಚಿಕ್ಕ ಗುಡ್ಡೆ ಮೀನಿನ ಪುಡಿ.

ಈ ಪುಡಿಯೇ ಇಲ್ಲಿನ ಗುಟ್ಟು, ಅದನ್ನು ಬಳಸುವುದಕ್ಕೂ ಒಂದು ಕ್ರಮ ಇದೆ. ಹೆಚ್ಚಿನವರು ಬಂದ ತಕ್ಷಣ ಚಾಪ್‌ಸ್ಟಿಕ್ ಹಾಕಿ ಎಲ್ಲವನ್ನೂ ಕದಡಿಬಿಡುತ್ತಾರೆ. ಬೇಡ. ಮೊದಲು ನಾಲ್ಕು ಎಳೆ ನೂಡಲ್ಸನ್ನು ಏನೂ ಹಚ್ಚದೆ ಹಾಗೇ ಬಾಯಿಗೆ ಹಾಕಿ. ತಣ್ಣಗೆ, ನುಣ್ಣಗೆ, ಹಲ್ಲಿಗೆ ಸ್ವಲ್ಪ ಎದುರು ಕೊಡುವ ಹಾಗಿರುತ್ತದೆ, ಗೋಧಿಯ ರುಚಿ ಶುದ್ಧವಾಗಿ ಸಿಗುತ್ತದೆ. ರಾಮೆನ್ ಹಿಟ್ಟಿಗೆ ಕಾನ್ಸುಯಿ ಅನ್ನುವ ಕ್ಷಾರದ ನೀರು ಹಾಕಿ ಕಲಸುತ್ತಾರೆ, ಆ ತಿಳಿ ಹಳದಿ ಬಣ್ಣ, ಆ ಪುಟಿತ ಬರುವುದು ಅದರಿಂದಲೇ. ಮೊಟ್ಟೆ ಹಾಕಿದ್ದಾರೆ ಅಂದುಕೊಳ್ಳುವವರು ಜಾಸ್ತಿ. ಆಮೇಲೆ ಒಂದು ತುತ್ತನ್ನು ಅರ್ಧ ಮಾತ್ರ ಸೂಪಿಗೆ ಅದ್ದಿ. ಪೂರ್ತಿ ಮುಳುಗಿಸಿದರೆ ಉಪ್ಪು ಜಾಸ್ತಿ ಹೊಡೆಯುತ್ತದೆ, ಈ ಸೂಪ್ ಇರುವುದೇ ಅದ್ದಿಕೊಳ್ಳುವುದಕ್ಕೆ, ನೇರ ಕುಡಿಯುವುದಕ್ಕಲ್ಲ. ಪುಡಿ ಮುಟ್ಟದೆ ಮೊದಲ ಕಾಲು ಭಾಗ ತಿನ್ನಿ, ಬರೀ ಕೋಳಿಯ ರುಚಿ ಬರುತ್ತದೆ. ಆಮೇಲೆ ನೋರಿಯ ಒಂದು ತುದಿಯನ್ನು ಮೆಲ್ಲಗೆ ಕೆಳಗೆ ಒತ್ತಿ, ಅರ್ಧ ಪುಡಿ ಸೂಪಿಗೆ ಜಾರಲಿ. ಒಮ್ಮೆಗೇ ಹೊಗೆಯಾಡಿದ ಮೀನಿನ ವಾಸನೆ ಏಳುತ್ತದೆ, ಅದೇ ಬೌಲ್ ಬೇರೆಯೇ ಊಟವಾಗುತ್ತದೆ. ಕಡಲ ಬದಿಯವರಿಗೆ ಈ ವಾಸನೆ ಖುಷಿ ಕೊಡುತ್ತದೆ. ಒಣಮೀನು ಅಂದರೆ ದೂರ ಓಡುವವರು ಪುಡಿಯನ್ನು ಚಮಚದಲ್ಲಿ ಎತ್ತಿ ಬದಿಗಿಡಬಹುದು, ಆದರೆ ಸೂಪಿನೊಳಗೂ ಮೀನಿದೆ ಅನ್ನುವುದು ನೆನಪಿರಲಿ.

ಮಾಂಸ, ಮೆನ್ಮಾ ಅನ್ನುವ ಹುದುಗಿಸಿದ ಬಿದಿರಿನ ಕಳಲೆ, ಈರುಳ್ಳಿ ಸೊಪ್ಪು ಎಲ್ಲ ಸೂಪಿನ ತಳದಲ್ಲಿ ಮುಳುಗಿರುತ್ತವೆ. ಕಳಲೆ ಅಂದ ತಕ್ಷಣ ಮಲೆನಾಡಿನವರು ಕಣ್ಣರಳಿಸಬಹುದು. ಅಷ್ಟೇನಿಲ್ಲ, ಎರಡು ತುಂಡು ಸಿಕ್ಕರೆ ಹೆಚ್ಚು. ಹಂದಿ ಮಾಂಸ ಮೆತ್ತಗಿದೆ, ಚೆನ್ನಾಗಿದೆ, ಆದರೆ ಇಲ್ಲಿಗೆ ಮಾಂಸ ತಿನ್ನಲು ಬರುವುದಲ್ಲ. ಜಾಸ್ತಿ ದುಡ್ಡು ಕೊಟ್ಟರೆ ಮೊಟ್ಟೆ ಮತ್ತು ಹೆಚ್ಚಿನ ಮಾಂಸ ಇರುವ ಸ್ಪೆಷಲ್ ಸಿಗುತ್ತದೆ. ಮೊಟ್ಟೆಗಾಗಿ ಅದನ್ನು ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ. ಹಳದಿ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಸೂಪಿಗೆ ಬೆರೆತಾಗ ಉಪ್ಪನ್ನು ಸ್ವಲ್ಪ ತಗ್ಗಿಸುತ್ತದೆ.

ದೊಡ್ಡ ಅಳತೆಗೂ ಮಾಮೂಲಿಗೂ ಒಂದೇ ಬೆಲೆ. ಇದನ್ನು ಕೇಳಿದ ಕೂಡಲೇ ನಮ್ಮ ಜನಕ್ಕೆ ಕೈ ತಡೆಯುವುದಿಲ್ಲ, ಭಾವ ಕೂಡ "ಬಿಟ್ಟಿ ಅಂದ್ಮೇಲೆ ದೊಡ್ಡದೇ ಇರ್ಲಿ" ಅಂದರು. ಮುಕ್ಕಾಲು ಆಗುವಷ್ಟರಲ್ಲಿ ಮುಖ ಸಪ್ಪಗಾಯಿತು. ಹೊಟ್ಟೆಯ ಮಾತು ಮಾತ್ರ ಅಲ್ಲ. ತಣ್ಣನೆಯ ನೂಡಲ್ಸ್ ಅದ್ದಿ ಅದ್ದಿ ಸೂಪ್ ಆರುತ್ತಾ ಬರುತ್ತದೆ, ತ್ಸುಕೆಮೆನ್ ಅನ್ನುವ ಅಡುಗೆಯ ಸ್ವಭಾವವೇ ಅದು, ಎಲ್ಲೇ ತಿಂದರೂ ತಪ್ಪಿದ್ದಲ್ಲ. ದೊಡ್ಡದು ತೆಗೆದುಕೊಂಡರೆ ಕೊನೆಯ ಹತ್ತು ತುತ್ತು ಉಗುರುಬೆಚ್ಚಗಿನ ಸೂಪಿನಲ್ಲೇ. ಮಾಮೂಲಿ ಅಳತೆಯೇ ನಮ್ಮೂರ ಲೆಕ್ಕದಲ್ಲಿ ಹೊಟ್ಟೆ ತುಂಬ ಊಟ. ಅದು ಮುಗಿಯುವಾಗ ಸೂಪಿನಲ್ಲಿ ಇನ್ನೂ ಬಿಸಿ ಇರುತ್ತದೆ. ಆಮೇಲೆ ಮಿಕ್ಕ ಸೂಪಿಗೆ ಬಿಸಿ ತಿಳಿಸೂಪ್ ಬೆರೆಸಿಕೊಂಡು ಕುಡಿಯುವುದು ವಾಡಿಕೆ. ಇದನ್ನು ಬಿಡಬೇಡಿ. ಅಷ್ಟು ಹೊತ್ತು ಅಬ್ಬರಿಸುತ್ತಿದ್ದ ಉಪ್ಪು, ಮೀನು ಎಲ್ಲ ಒಂದು ಹದಕ್ಕೆ ಬರುವುದು ಆಗಲೇ. ನನಗಂತೂ ಇಡೀ ಊಟದಲ್ಲಿ ಇಷ್ಟವಾಗುವ ಎರಡು ನಿಮಿಷ ಅದು. ಎಲ್ಲ ಕುಡಿಯಲೇಬೇಕೆಂದಿಲ್ಲ, ಬಿಪಿ ಇರುವವರು ನಾಲ್ಕು ಗುಟುಕಿಗೆ ನಿಲ್ಲಿಸಿ.

ಬೆಲೆ ಸಾವಿರ ಯೆನ್‌ನ ಸುತ್ತಮುತ್ತ, ನಮ್ಮ ದುಡ್ಡಲ್ಲಿ ಐನೂರೈವತ್ತರಿಂದ ಆರುನೂರು ರೂಪಾಯಿ. ಬೆಂಗಳೂರಿನ ಇಂದಿರಾನಗರದಲ್ಲಿ ರಾಮೆನ್ ತಿಂದು ಬಿಲ್ ನೋಡಿದವರಿಗೆ ಇದು ಅಗ್ಗವೇ. ನೂಡಲ್ಸ್ ಅಂದರೆ ಪ್ಯಾಕೆಟ್ ಅಂತ ಬೆಳೆದವರು ನಾವು. ಭಾವ ಕ್ಯೂನಲ್ಲಿ ನಿಂತು "ನಮ್ಮ ಟಾಪ್ ರಾಮೆನ್ ತಾನೇ ಇದು" ಅಂತ ಕೇಳಿದ್ದರು. ನಂಟು ಇದೆ, ಇಲ್ಲವೆನ್ನುವಂತಿಲ್ಲ. ಅದರ ಕಂಪನಿ ನಿಸ್ಸಿನ್ ಇಲ್ಲಿಯದೇ, ಅದನ್ನು ಕಟ್ಟಿದ ಮೊಮೊಫುಕು ಆಂಡೊ ಅವರೇ 1958ರಲ್ಲಿ ಮೊದಲ ಇನ್‌ಸ್ಟಂಟ್ ರಾಮೆನ್ ಮಾಡಿದ್ದು. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಎರಡಕ್ಕೂ ಅನ್ಯಾಯ.

ಕ್ಯೂ ಇದ್ದ ಕಡೆಯೆಲ್ಲ ರುಚಿ ಇರುತ್ತದೆ ಅಂತಲೂ ಅಲ್ಲ. ಇದೇ ಶಿಂಜುಕುವಿನ ಇನ್ನೊಂದು ಅಂಗಡಿ, ಹೆಸರು ಬೇಡ, ವಿಡಿಯೊಗಳಲ್ಲಿ ಭಾರಿ ಫೇಮಸ್ಸು. ಅಲ್ಲಿ ಒಂದೂವರೆ ಗಂಟೆ ನಿಲ್ಲಿಸಿದರು, ಕೂತ ಮೇಲೆ ಮತ್ತೆ ಕಾಯಿಸಿದರು, ಸೂಪ್ ಬಂದಾಗಲೇ ಆರಿತ್ತು. ಸಾಲಿನಲ್ಲಿ ಆಫೀಸಿನವರು ಒಬ್ಬರೂ ಇರಲಿಲ್ಲ, ಎಲ್ಲರೂ ಸೂಟ್‌ಕೇಸ್ ಎಳೆದುಕೊಂಡು ಬಂದ ನಮ್ಮಂಥವರೇ. ಆಮೇಲಿಂದ ನಾನು ಕ್ಯೂನ ಉದ್ದ ನೋಡುವುದಕ್ಕಿಂತ ಅದರಲ್ಲಿ ಯಾರು ನಿಂತಿದ್ದಾರೆ ಅಂತ ನೋಡುತ್ತೇನೆ. ಫೂನ್‌ಜಿಯ ಸಾಲಿನಲ್ಲಿ ಈಗ ಪ್ರವಾಸಿಗರು ಬೇಕಾದಷ್ಟು ಜನ ಇದ್ದಾರೆ, ನಿಜ. ಆದರೆ ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆಯಲ್ಲಿ ಐಡಿ ಕಾರ್ಡ್ ನೇತಾಡಿಸಿಕೊಂಡ ಆಫೀಸಿನವರೂ ಕಾಣುತ್ತಾರೆ. ಊಟದ ಒಂದೇ ಗಂಟೆಯಲ್ಲಿ ನಡೆದು ಬಂದು, ನಿಂತು, ತಿಂದು ವಾಪಸ್ ಹೋಗಬಹುದು ಅಂತ ಅವರಿಗೆ ಲೆಕ್ಕ ಗೊತ್ತಿದೆ.

ಯಾರಿಗೆ ಇದು ಆಗಿಬರುವುದಿಲ್ಲ ಅಂತಲೂ ಹೇಳಬೇಕು. ಫ್ರೆಂಡ್ಸ್ ಜೊತೆ ಕೂತು ಹರಟೆ ಹೊಡೆಯುವ ಜಾಗ ಇದಲ್ಲ. ನಾಲ್ಕು ಜನ ಹೋದರೆ ಪಕ್ಕಪಕ್ಕ ಸೀಟು ಸಿಗುತ್ತದೆ ಅನ್ನುವ ಭರವಸೆ ಇಲ್ಲ, ಬೇರೆ ಬೇರೆ ಕೂರಿಸಿದರೆ ಮುಖ ಊದಿಸಿಕೊಳ್ಳಬೇಡಿ. ಚಿಕ್ಕ ಮಕ್ಕಳನ್ನು ಆ ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಹಿಂದೆ ಜನ ನಿಂತಿರುವಾಗ ಊಟ ಮಾಡಿಸುವುದು ನಿಮಗೂ ಕಷ್ಟ, ಅವಕ್ಕೂ ಕಷ್ಟ. ದೊಡ್ಡ ಬ್ಯಾಗು ಲಗೇಜು ಇದ್ದರೆ ನಿಲ್ದಾಣದ ಲಾಕರಿನಲ್ಲೇ ಹಾಕಿ ಬನ್ನಿ, ಇಡುವುದಕ್ಕೆ ಜಾಗವೇ ಇಲ್ಲ. ಒಬ್ಬರೇ ಹೋಗುವವರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. "ಒಬ್ರೇನಾ?" ಅಂತ ಕನಿಕರದಿಂದ ಯಾರೂ ಕೇಳುವುದಿಲ್ಲ, ಕಾರಣ ಸುತ್ತ ಇರುವ ಮುಕ್ಕಾಲು ಜನ ಒಬ್ಬೊಬ್ಬರೇ.

ಸೊರ್ ಅಂತ ಎಳೆದು ತಿನ್ನುವುದಕ್ಕೆ ನಾಚಿಕೆ ಬೇಡ, ಇಡೀ ಅಂಗಡಿ ಅದೇ ಸದ್ದಿನಲ್ಲಿ ತುಂಬಿರುತ್ತದೆ. ಬಿಳಿ ಅಂಗಿ ಮಾತ್ರ ಹಾಕಿಕೊಂಡು ಹೋಗಬೇಡಿ. ದಪ್ಪ ನೂಡಲ್ಸಿನ ಕೊನೆಯ ತುದಿ ತುಟಿ ಸೇರುವ ಮುಂಚೆ ಒಂದು ಸಲ ಒದರುತ್ತದೆ, ಕಂದು ಹನಿ ಎಲ್ಲಿ ಬೀಳುತ್ತದೆ ಅಂತ ಹೇಳುವಂತಿಲ್ಲ. ಫೋಟೊ ಒಂದು ತೆಗೆಯಿರಿ, ಸಾಕು, ವಿಡಿಯೊ ಮಾಡುತ್ತಾ ಕೂತರೆ ಬೆನ್ನ ಹಿಂದಿನವರ ನಿಟ್ಟುಸಿರು ಕೇಳಿಸುತ್ತದೆ. ಮುಗಿದ ಮೇಲೆ ಬೌಲ್‌ಗಳನ್ನು ಎತ್ತಿ ಕೌಂಟರಿನ ಮೇಲಿನ ಕಟ್ಟೆಯ ಮೇಲಿಟ್ಟು, ನಿಮ್ಮ ಮುಂದಿನ ಜಾಗವನ್ನು ಒಮ್ಮೆ ಒರೆಸಿ ಏಳುವುದು ಇಂಥ ಅಂಗಡಿಗಳ ರೂಢಿ. "ಗೊಚಿಸೋಸಮಾ" ಅನ್ನಿ, ಅಂದರೆ ಊಟಕ್ಕೆ ಧನ್ಯವಾದ, ಒಳಗಿನಿಂದ ಜೋರಾಗಿ ಉತ್ತರ ಬರುತ್ತದೆ. ಟಿಪ್ಸ್ ಇಡಬೇಡಿ, ನೀವು ದುಡ್ಡು ಮರೆತು ಹೋದಿರಿ ಅಂತ ಹಿಂದೆಯೇ ಓಡಿ ಬಂದರೂ ಬಂದಾರು.

ಹೋಗುವ ಹೊತ್ತು: ಬೆಳಿಗ್ಗೆ ಬಾಗಿಲು ತೆರೆಯುವ ಸ್ವಲ್ಪ ಮುಂಚೆ, ಇಲ್ಲವೇ ಮಧ್ಯಾಹ್ನ ಎರಡರ ಮೇಲೆ. ಹನ್ನೆರಡರಿಂದ ಒಂದೂವರೆ ತನಕ ಆಫೀಸಿನ ಜನ, ಆ ಕಡೆ ಹೋಗಲೇಬೇಡಿ. ಮಧ್ಯಾಹ್ನಕ್ಕೂ ಸಂಜೆಗೂ ನಡುವೆ ಬಾಗಿಲು ಹಾಕುತ್ತಾರೆ, ನಾಲ್ಕು ಗಂಟೆಗೆ ಹಸಿವಾಯಿತು ಅಂತ ಹೋದರೆ ಮುಚ್ಚಿದ ಬಾಗಿಲು ನೋಡಿಕೊಂಡು ಬರಬೇಕು. ಮಳೆ ಬಂದ ದಿನ ಸಾಲು ಚಿಕ್ಕದಿರುತ್ತದೆ, ಕೊಡೆ ಹಿಡಿದು ನಿಲ್ಲುವ ತಾಳ್ಮೆ ಇದ್ದರೆ ಅದೇ ಒಳ್ಳೆಯ ದಿನ.

ಸಸ್ಯಾಹಾರಿಗಳಿಗೆ ನೇರವಾಗಿಯೇ ಹೇಳುತ್ತೇನೆ, ಇಲ್ಲಿ ನಿಮಗೆ ಏನೂ ಇಲ್ಲ. ಮಾಂಸ ತೆಗೆದು ಕೊಡಿ ಅಂತ ಕೇಳಿದರೆ ಮೇಲಿನ ತುಂಡು ತೆಗೆದಾರು, ಸೂಪಿನಲ್ಲಿರುವ ಕೋಳಿ, ಮೀನು ಎಲ್ಲಿಗೆ ಹೋಗುತ್ತದೆ? ಬೇರೆ ಅಂಗಡಿಗಳಲ್ಲಿ ವೆಜಿಟೆಬಲ್ ರಾಮೆನ್ ಅನ್ನುವ ಬೋರ್ಡ್ ನೋಡಿಯೂ ನಂಬಬೇಡಿ. ಎಲೆಕೋಸು, ಮೊಳಕೆ ಕಾಳು ಎಲ್ಲ ಮೇಲೆ ಹೇರಿರುತ್ತಾರೆ, ಅಡಿಯಲ್ಲಿರುವುದು ಹಂದಿ ಮೂಳೆಯ ಸೂಪೇ ಇರಬಹುದು. ಮನೆಗೆ ಬಂದ ಅಪ್ಪ ಅಮ್ಮನನ್ನೋ ಸಸ್ಯಾಹಾರಿ ಗೆಳೆಯರನ್ನೋ ರಾಮೆನ್ ತಿನ್ನಿಸಲು ಕರೆದೊಯ್ಯುವುದಾದರೆ ಟೀಸ್ ತಾನ್‌ತಾನ್ ಹುಡುಕಿ. ಟೋಕಿಯೊದ ರೈಲು ನಿಲ್ದಾಣಗಳ ಒಳಗೇ ಶಾಖೆ ಮಾಡಿಕೊಂಡಿರುವ ಅಂಗಡಿ ಅದು, ಪೂರ್ತಿ ವೇಗನ್. ಎಳ್ಳಿನ ಗಟ್ಟಿ ಸೂಪು, ಸೋಯಾದ ಖೈಮಾ, ಖಾರ ಬೇಕಾದರೆ ಖಾರ. ಮೀನಿನ ಪುಡಿ ಇಲ್ಲ, ಮೊಟ್ಟೆ ಇಲ್ಲ, ಯಾರನ್ನೂ ಏನೂ ಕೇಳಬೇಕಾಗಿಲ್ಲ. ಆಫುರಿ ಅನ್ನುವ ಇನ್ನೊಂದು ಚೈನಿನಲ್ಲೂ ಮೆನುವಿನಲ್ಲಿ ಒಂದು ವೇಗನ್ ರಾಮೆನ್ ಇರುತ್ತದೆ. ಮನೆಯಲ್ಲಿ ಅರ್ಧ ಜನ ತಿನ್ನುವವರು, ಅರ್ಧ ಜನ ತಿನ್ನದವರು ಇದ್ದರೆ ಅಲ್ಲಿಗೆ ಹೋಗಿ, ಫೂನ್‌ಜಿಗೆ ಇನ್ನೊಂದು ದಿನ ಒಬ್ಬರೇ ಬನ್ನಿ.